ಬಾತುಕೋಳಿಗೆ ಮೊದಲೇ ಗೊತ್ತಿತ್ತು

1940ರ ನವೆಂಬರ್ 11. ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ ಅಮೆರಿಕದಲ್ಲಿ ರಜೆ. ಬೆಳಿಗ್ಗೆ ಕಾಲವಲ್ಲದ ಕಾಲದಲ್ಲಿ ಬೆಚ್ಚನೆ ಹವೆ. ಮಿನ್ನೆಸೋಟದ ವಿನೋನಾ ಸುತ್ತಿನ ಬೇಟೆಗಾರರು ತೆಳು ಅಂಗಿಯಲ್ಲೇ ದೋಣಿ ಹತ್ತಿ ಮಿಸಿಸಿಪ್ಪಿಯ ನಡುಗಡ್ಡೆಗಳಿಗೆ ಹೊರಟರು. ಬಾತುಕೋಳಿಗಳು ಹಿಂಡು ಹಿಂಡಾಗಿ ಬಂದವು, ಬರುತ್ತಲೇ ಇದ್ದವು. ಅವು ಯಾವುದರ ಮುಂದೆ ಓಡಿ ಬರುತ್ತಿವೆ ಎಂದು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಆಮೇಲೆ ಮಳೆ, ಮಳೆಯ ಬೆನ್ನಿಗೆ ಹಿಮ, ದೋಣಿ ಮಗುಚುವ ಗಾಳಿ. ಮಿನ್ನೆಸೋಟ ಒಂದರಲ್ಲೇ 49 ಜನ ಸತ್ತರು. ಸುಮಾರು ಅರ್ಧದಷ್ಟು ಮಂದಿ ಬೇಟೆಗೆ ಹೋದವರೇ. ಬಳಿಕ ಮ್ಯಾಕ್ಸ್ ಕಾನ್ರಾಡ್ ಎಂಬ ಪೈಲಟ್ ಪುಟ್ಟ ವಿಮಾನದಲ್ಲಿ ನದಿಯ ಮೇಲೆ ಸುತ್ತಿ, ಬದುಕುಳಿದವರಿಗೆ ತಿಂಡಿ, ಬೆಂಕಿಪೊಟ್ಟಣ ತುಂಬಿದ ಡಬ್ಬಿಗಳನ್ನು ಎಸೆದ.

ಆ ಸೀಮೆಗೆ ಆಗ ಮುನ್ಸೂಚನೆ ಬರುತ್ತಿದ್ದುದು ಶಿಕಾಗೋದಿಂದ. ಬಿರುಗಾಳಿಯ ಜೋರು ಅಲ್ಲಿಯವರ ಅಂದಾಜಿಗೆ ಸಿಕ್ಕಿರಲಿಲ್ಲ. ಇಂದು ಗಾಳಿಯ ದಿಕ್ಕು, ವಾಯುಭಾರ, ಚಳಿ ಇಳಿಯುವ ಗಂಟೆ ಎಲ್ಲವೂ ಬೇಟೆಗಾರನ ಫೋನಿನಲ್ಲಿವೆ. ಜೀವ ಉಳಿಸಿಕೊಳ್ಳಲು ನೋಡಿದರೆ ಯಾರ ತಕರಾರೂ ಇಲ್ಲ. ಹಕ್ಕಿ ಯಾವತ್ತು ಬರುತ್ತದೆಂದು ಲೆಕ್ಕ ಹಾಕಿ ಆ ದಿನಕ್ಕೇ ರಜೆ ಹಾಕುವುದು ನ್ಯಾಯವೇ?

ಕೊಲ್ಲಲು ಹೊರಟವನಿಗೆ ನ್ಯಾಯವೆಂಥದು ಎಂದು ನಗಬಹುದು. ಸ್ಪೇನಿನ ದಾರ್ಶನಿಕ ಹೋಸೆ ಒರ್ತೆಗಾ ಇ ಗಸೆತ್ ನಗಲಿಲ್ಲ. 1940ರ ದಶಕದಲ್ಲಿ ಬೇಟೆಯ ಬಗ್ಗೆ ಬರೆಯುತ್ತ, ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಉಳಿಯಬೇಕು, ಅದಕ್ಕಾಗಿ ಮನುಷ್ಯ ತನ್ನ ಬಲಕ್ಕೆ ತಾನೇ ಕಡಿವಾಣ ಹಾಕಿಕೊಳ್ಳಬೇಕು ಎಂದು ವಾದಿಸಿದ.

ಕಾನೂನೂ ಅದೇ ಜಾಡಿನಲ್ಲಿದೆ. ಬೇಟೆಗೆ ನೆರವಾಗಲು ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದನ್ನು ಅರಿಜೋನಾ 2022ರಲ್ಲಿ ನಿಲ್ಲಿಸಿತು. ಅಲಾಸ್ಕಾದಲ್ಲಿ ಸಣ್ಣ ವಿಮಾನದಲ್ಲಿ ಹಾರಿದವನು ಹೆಚ್ಚಿನ ದೊಡ್ಡ ಪ್ರಾಣಿಗಳ ಮೇಲೆ ಅವತ್ತೇ ಗುಂಡು ಹಾರಿಸುವಂತಿಲ್ಲ. ಮರುದಿನ ನಸುಕಿನ 3 ಗಂಟೆ ದಾಟಬೇಕು. ಮೇಲಿನಿಂದ ಕಂಡ ಪ್ರಾಣಿಗೆ ಜಾಗ ಬದಲಿಸಲು ಅಷ್ಟು ಹೊತ್ತಾದರೂ ಸಿಗಲಿ ಎಂದು.

ಹವಾಮಾನ ವರದಿಯನ್ನು ಯಾರೂ ನಿಷೇಧಿಸಿಲ್ಲ, ಅದು ಸರಿಯೂ ಹೌದು. ಕ್ಯಾಮೆರಾ ಹೇಳುವುದು ಇಂಥ ಪ್ರಾಣಿ ಇಂಥಲ್ಲಿದೆ ಎಂದು. ತನ್ನನ್ನು ನೋಡಿದ್ದಾರೆಂದು ಪ್ರಾಣಿಗೆ ತಿಳಿಯುವುದೇ ಇಲ್ಲ. ಗಾಳಿ ಹಾಗಲ್ಲ, ಇಬ್ಬರಿಗೂ ಬಯಲು. 1940ರಲ್ಲಿ ಮುಂದಿದ್ದದ್ದು ಬಾತುಕೋಳಿ. ಮುನ್ಸೂಚನೆ ಮನುಷ್ಯನನ್ನು ಅದರ ಸಮಕ್ಕೆ ತಂದಿತು, ಅಷ್ಟೇ.

ತೊಡಕಿರುವುದು ರೇಡಾರಿನಲ್ಲಿ. ಮಳೆ ಹುಡುಕಲು ನೆಟ್ಟ ಅಮೆರಿಕದ ರೇಡಾರುಗಳಿಗೆ ವಲಸೆ ಹಕ್ಕಿಗಳ ಹಿಂಡೂ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿತಜ್ಞರು ಅದರಿಂದ ವಲಸೆಯ ಅಂದಾಜು ಕಟ್ಟುತ್ತಾರೆ. ಹಕ್ಕಿಗಳು ಗಾಜಿಗೆ ಬಡಿದು ಸಾಯದಿರಲೆಂದು ಅದನ್ನು ನೋಡಿ ಕಟ್ಟಡಗಳ ದೀಪ ಆರಿಸುವವರಿದ್ದಾರೆ. ಅದೇ ಚಿತ್ರ ಕೋವಿ ಹಿಡಿದವನಿಗೂ ತೆರೆದಿದೆ. ಅವನಿಗೆ ಅದು ಹವಾಮಾನ ವರದಿಯಲ್ಲ, ಆಕಾಶಕ್ಕೆ ಕಟ್ಟಿದ ಕ್ಯಾಮೆರಾ. ಅಲಾಸ್ಕಾದ ಗಡುವು ಅಲ್ಲಿಗೂ ಬರಬೇಕು.