ಬಿಕ್ಕಲಂ ಎಂಬ ಒಂದು ಸಾಲು

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೆಯ ಕ್ರಯಪತ್ರಗಳನ್ನು ಬಿಚ್ಚಿದರೆ ಕೊನೆಯಲ್ಲಿ ಒಂದು ಪುಟ್ಟ ಸಾಲು ಕಾಣಸಿಗುತ್ತದೆ: ‘ಬಿಕ್ಕಲಂ’. ಅದರ ಮುಂದೆ ಪತ್ರ ಬರೆದವನ ಹೆಸರು. ಪಾರಸಿಯಿಂದ ಬಂದ ಈ ಮಾತಿನ ಅರ್ಥ, ‘ಇಂಥವರ ಲೇಖನಿಯಿಂದ’ ಎಂದು. ಹೊಲ ಮಾರಿದವನು ಬೇರೆ, ಕೊಂಡವನು ಬೇರೆ. ಅವರ ಮಾತನ್ನು ಬರಹಕ್ಕಿಳಿಸಿದವನು ಮೂರನೆಯವನು. ಅವನಿಗೆ ಹೊಲದಲ್ಲಿ ಅಂಗೈಯಗಲ ಹಕ್ಕೂ ಇಲ್ಲ. ಆದರೂ ಬರೆದವನು ಯಾರೆಂಬುದನ್ನು ಪತ್ರ ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಬಿಕ್ಕಲಂ ಇಲ್ಲದ ಒಂದು ಪುಸ್ತಕ ಬರೆದೆವು. ಉಳ್ಳವರ ಮನೆಗಳನ್ನು ಅಲಂಕರಿಸುವ ವೃತ್ತಿಯ ಬೆಂಗಳೂರಿನ ಮಹಿಳೆಯೊಬ್ಬರಿಗೆ ಗೋಡೆಯ ಬಣ್ಣ, ಪರದೆ, ದಿಂಬು, ಉಡುವ ಸೀರೆ ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬೇಕಿತ್ತು. ಅಭಿರುಚಿ ಅವರದು, ವಾಕ್ಯ ನಮ್ಮದು, ಮುಖಪುಟದ ಹೆಸರು ಅವರದು. ಕತೆ ಬರೆದು ಬರುವ ಗೌರವಧನ ತಿಂಗಳ ಹಾಲಿಗೂ ಸಾಲದು. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಒಪ್ಪಿಕೊಂಡೆವು. ಬಿಡುಗಡೆಯ ದಿನ ಹಿಂದಿನ ಸಾಲಿನಲ್ಲಿ ಕುಳಿತು, ‘ಎಂಥ ಸೊಗಸಾದ ಕನ್ನಡ!’ ಎಂದು ಅತಿಥಿಗಳು ಅವರನ್ನು ಹೊಗಳುವಾಗ ನಾವೂ ಚಪ್ಪಾಳೆ ತಟ್ಟಿದೆವು.

ಇದು ಸುಳ್ಳೇ? ಕೂಲಿ ಪಡೆದ ಮೇಲೆ ದೂರುವ ಹಕ್ಕು ನಮಗುಂಟೇ?

ಈ ಪ್ರಶ್ನೆ ಹೊಸತಲ್ಲ. ಬಹಾದ್ದೂರ್ ಷಾ ಜಫರ್‌ನ ಗಜಲುಗಳಲ್ಲಿ ಬಹುಪಾಲು ಅವನ ಉಸ್ತಾದ ಜೌಕ್ ಬರೆದುಕೊಟ್ಟದ್ದು ಎಂದು ಮುಹಮ್ಮದ್ ಹುಸೇನ್ ಆಜಾದ್ 1880ರ ‘ಆಬೆ ಹಯಾತ್’ನಲ್ಲಿ ಹೇಳಿದರು. ಆಜಾದ್ ಸ್ವತಃ ಜೌಕ್‌ನ ಶಿಷ್ಯರು. ವಿದ್ವಾಂಸರು ಆ ಮಾತನ್ನು ಒಪ್ಪಲಿಲ್ಲ. ಆದರೆ ಅನುಮಾನ ಇನ್ನೂ ಸತ್ತಿಲ್ಲ. ಗೃಹಾಲಂಕಾರದ ಪುಸ್ತಕಗಳಲ್ಲಿ ಅನುಮಾನಕ್ಕೂ ಎಡೆಯಿಲ್ಲ. ಅಮೆರಿಕದ ಎಲ್ಸಿ ಡಿ ವುಲ್ಫ್ ಹೆಸರಿನಲ್ಲಿ 1913ರಲ್ಲಿ ಬಂದ ‘ದಿ ಹೌಸ್ ಇನ್ ಗುಡ್ ಟೇಸ್ಟ್’ ಈ ಬಗೆಯ ಪುಸ್ತಕಗಳಲ್ಲಿ ಬಹು ಪ್ರಸಿದ್ಧವಾದದ್ದು. ಅದರ ವಾಕ್ಯಗಳನ್ನು ಹೆಣೆದವರು ರೂಬಿ ರಾಸ್ ಎಂಬ ಪತ್ರಕರ್ತೆ. ಮುಖಪುಟದಲ್ಲಿ ಅವರಿಲ್ಲ.

ತಾವು ಮಾಡದ ಕೆಲಸಕ್ಕೆ ಹೊಗಳಿಕೆ ಬಯಸುವವರನ್ನು ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಬೆಂಗಳೂರಿನ ಆ ಮಹಿಳೆಯ ಕಡೆಗೇ ತಿರುಗಿಸಿಟ್ಟುಕೊಂಡು ನಾವು ಬಹಳ ದಿನ ಸಮಾಧಾನದಿಂದ ಇದ್ದೆವು. ಅದು ನಮ್ಮ ಕಡೆಗೆ ತಿರುಗಿದ್ದು ಒಂದು ತಾಂಡಾದಲ್ಲಿ.

ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಅಧ್ಯಾಯ ಲಂಬಾಣಿ ಕಸೂತಿಯದು. ಅದಕ್ಕಾಗಿ ನಾವು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಾಂಡಾ ಒಂದರಲ್ಲಿ ಮೂರು ದಿನ ಕುಳಿತಿದ್ದೆವು. ಕನ್ನಡಿ ಚೂರು ಉದುರದಂತೆ ಸುತ್ತ ದಾರ ಹೇಗೆ ಬಿಗಿಯಬೇಕು, ಬಟ್ಟೆಯ ತುಂಡುಗಳನ್ನು ಹೇಗೆ ಕೂಡಿಸಬೇಕು, ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂರುತ್ತದೆ ಎಂದು ಅಲ್ಲಿನ ಹಿರಿಯಾಕೆಯೊಬ್ಬರು ಹೊಲಿಯುತ್ತಲೇ ತೋರಿಸಿಕೊಟ್ಟರು. ಪುಸ್ತಕ ಬಂದಾಗ ಒಂದು ಪ್ರತಿ ಒಯ್ದು ಕೊಟ್ಟೆವು. ಆಕೆಗೆ ಓದು ಬಾರದು. ಚಿತ್ರ ನೋಡುತ್ತಾ ಹೋಗಿ ಒಂದು ಪುಟದಲ್ಲಿ ಬೆರಳಿಟ್ಟರು.

‘ಈ ದಿಂಬು ನಂದು. ನನ್ ಹೆಸ್ರು ಎಲ್ಲಿ ಬರ್ದೀಯಪ್ಪಾ?’

‘ನನ್ನ ಹೆಸರೂ ಇಲ್ಲವ್ವ’ ಎಂದೆವು, ಅದೇ ಉತ್ತರ ಎಂಬಂತೆ.

‘ನಿಂಗ ರೊಕ್ಕ ಕೊಟ್ಟಾರ. ನಿನ್ ಹೆಸ್ರು ನೀ ಮಾರ್ಕೊಂಡಿ. ನಂದು ಯಾರು ಮಾರಿದ್ರು?’

ಉತ್ತರವಿರಲಿಲ್ಲ. ಆಕೆ ಹೇಳಿದ್ದನ್ನೆಲ್ಲ ‘ನಾನು ಕಂಡುಕೊಂಡೆ’ ಎಂದು ಆ ಅಲಂಕಾರ ತಜ್ಞೆಯ ಬಾಯಲ್ಲಿ ಇಟ್ಟವರು ನಾವೇ. ನಮ್ಮ ಹೆಸರು ನಮ್ಮ ಸ್ವಂತದ್ದು, ಕೊಡಬಹುದು, ಬಿಡಬಹುದು. ಆಕೆಯ ತಿಳಿವಳಿಕೆ ನಮ್ಮ ಕೈಗೆ ಬಂದದ್ದು ಅಮಾನತ್ತಾಗಿ. ಅಮಾನತ್ತನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಹೆಸರಿಲ್ಲದೆ ಬರೆಯುವುದು ತಪ್ಪೇ ಎಂದು ಇಷ್ಟು ದಿನ ಕೇಳಿಕೊಂಡೆವು. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ನಾವು ಮರೆಯಾಗುವಾಗ ನಮ್ಮ ಜೊತೆ ಇನ್ನಾರನ್ನು ಮರೆಯಾಗಿಸುತ್ತೇವೆ?

ಕಸೂತಿ ಒಬ್ಬರ ಸೊತ್ತಲ್ಲ, ಸಮುದಾಯದ್ದು. ಯಾರ ಹೆಸರೆಂದು ಹಾಕುವುದು ಎಂದು ಕೆಲವರು ಕೇಳುತ್ತಾರೆ. ಮಾತು ಅರ್ಧ ಸರಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅದು ಎಲ್ಲರ ಪರವಾದ ಹೆಸರು, ಬೇಕಾದದ್ದೇ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಯಾಯಿತು. ನಮ್ಮ ನೆನಪಿನಲ್ಲಿ ಆ ಎರಡು ಸಂಖ್ಯೆಗಳು ಉಳಿದಿವೆ. ಒಬ್ಬಾಕೆಯ ಹೆಸರೂ ಉಳಿದಿಲ್ಲ. ಹೊಲಿಗೆ ಸಮುದಾಯದ್ದಿರಬಹುದು. ಆದರೆ ಮೂರು ದಿನ ಕೆಲಸ ಕೆಡಿಸಿಕೊಂಡು ನಮಗೆ ಕಲಿಸಿದ್ದು ಸಮುದಾಯವಲ್ಲ, ಒಬ್ಬ ಹೆಣ್ಣುಮಗಳು.

ಒಬ್ಬರ ಬದುಕನ್ನು ಇನ್ನೊಬ್ಬರು ಬರೆಯುವುದರಲ್ಲೇ ದೋಷವಿದೆ ಎಂದಲ್ಲ. ರಂಗಕರ್ಮಿ ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಬರಹಕ್ಕಿಳಿಸಿದವರು ವೈದೇಹಿ, ಅದು ಓದುಗರಿಗೆಲ್ಲ ಗೊತ್ತು. ಅದರಿಂದ ಕಾರಂತರು ಕುಗ್ಗಲಿಲ್ಲ. ನಮ್ಮ ನಾಡಿನ ಎಷ್ಟೋ ಶಾಸನಗಳು ಕೊಟ್ಟ ದೊರೆಯ ಜೊತೆಗೆ ಬರೆದವನನ್ನೂ ಕಲ್ಲಿನಲ್ಲಿ ಕಂಡರಿಸಿದವನನ್ನೂ ಹೆಸರಿಸುತ್ತವೆ. ಆ ರೂಬಿ ರಾಸ್ ಕೂಡ 1914ರಲ್ಲಿ ತಮ್ಮ ಹೆಸರಿನಲ್ಲಿ ‘ದಿ ಆನೆಸ್ಟ್ ಹೌಸ್’ ಎಂಬ ಪುಸ್ತಕ ತಂದಾಗ, ಜೊತೆಗೆ ದುಡಿದ ರೇನ್ ಆಡಮ್ಸ್ ಹೆಸರನ್ನೂ ಅಚ್ಚು ಮಾಡಿಸಿದರು. ಆ ಹೆಸರಿನ ಅರ್ಥ, ಪ್ರಾಮಾಣಿಕ ಮನೆ.

ಬೆಂಗಳೂರಿಗೆ ಫೋನು ಮಾಡಿದೆವು. ಎರಡನೇ ಮುದ್ರಣ ಆದರೆ ನೋಡೋಣ ಎಂದರು. ಇನ್ನೂ ಆಗಿಲ್ಲ. ಈ ಲೇಖನದಲ್ಲಾದರೂ ಆಕೆಯ ಹೆಸರು ಹಾಕೋಣವೆಂದು ಮತ್ತೆ ತಾಂಡಾಕ್ಕೆ ಹೋಗಿ ಕೇಳಿದೆವು. ಆಕೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದರು:

‘ನಿನ್ ಲೇಖನದಾಗ ಬ್ಯಾಡ. ದಿಂಬು ಇರೋ ಪುಸ್ತಕದಾಗ ಬರಿ.’

ಹಾಗಾಗಿ ಇಲ್ಲಿ ಬರೆದಿಲ್ಲ. ಆ ಸಾಲ ನಮ್ಮ ತಲೆಯ ಮೇಲೆ ಹಾಗೇ ಇದೆ.