ಕೇಳುವವರ ಪಾಲು

ಸ್ಕಾಟ್ಲೆಂಡಿನ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಏರುವವರಲ್ಲಿ ಒಂದು ಬಳಗ ಬೆನ್ನಚೀಲದಲ್ಲಿ ರೇಡಿಯೊ ಹೊತ್ತು ಹೋಗುತ್ತದೆ. ಬುತ್ತಿ, ಮಳೆಯಂಗಿ, ನಕಾಶೆಗಳ ಜೊತೆಗೆ ಅಂಗೈಯಗಲದ ಒಂದು ಯಂತ್ರ, ಒಂದು ಬ್ಯಾಟರಿ, ಒಂದರೊಳಗೊಂದು ಮಡಿಚಿಕೊಳ್ಳುವ ಮೀನುಗಾರರ ಕೋಲು, ಸುತ್ತಿಟ್ಟ ತಂತಿ. ಶಿಖರ ಮುಟ್ಟಿದ ಮೇಲೆ ಕಲ್ಲಗುಪ್ಪೆಗೆ ಕೋಲನ್ನು ಆನಿಸಿ, ತಂತಿಯನ್ನು ಎರಡೂ ಬದಿಗೆ ಎಳೆದು ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಕೂತು, ತಮ್ಮ ಕರೆಸಂಕೇತ ಹೇಳಿ, ಕೇಳಿದವರು ಯಾರಾದರೂ ಉತ್ತರಿಸಿ ಎಂದು ಕರೆಯುತ್ತಾರೆ. ಐದು ವ್ಯಾಟ್ ಶಕ್ತಿ ಸಾಕು, ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಅದರಲ್ಲೇ ಜರ್ಮನಿಯಿಂದಲೋ ಸ್ಪೇನಿನಿಂದಲೋ ಒಬ್ಬರು ಓಗೊಡುತ್ತಾರೆ. ಆಮೇಲೆ ನಡೆಯುವ ಮಾತುಕತೆ ಅರ್ಧ ನಿಮಿಷದ್ದು: ಕರೆಸಂಕೇತ, ಶಿಖರದ ಸಂಖ್ಯೆ, ದನಿ ಎಷ್ಟು ಸ್ಪಷ್ಟವಾಗಿದೆ ಎಂಬ ವರದಿ, ಮೇಲೆ ಹವೆ ಹೇಗಿದೆ ಎಂಬ ವಿಚಾರಣೆ. ಕೊನೆಗೆ 73 ಎಂಬ ಹಾರೈಕೆ. ಮುಂದಿನವರ ಸರದಿ.

ಇಷ್ಟಕ್ಕಾಗಿ ನಾಲ್ಕು ತಾಸು ಏರಬೇಕೆ? ತಿಮ್ಮಾಪುರದಂಥ ಊರಿನಲ್ಲಿ ಕೂತು ಓದುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮದು ಮುಧೋಳ ಸೀಮೆಯ ಎರೆ ಭೂಮಿ, ಕಬ್ಬಿನ ನಾಡು, ಸಕ್ಕರೆ ಕಾರ್ಖಾನೆಯ ಊರು. ಇಲ್ಲಿ ಜನ ಗುಡ್ಡ ಹತ್ತುವುದು ದೇವರಿಗಾಗಿ, ಇಲ್ಲವೆ ಕುರಿಯ ಹಿಂದೆ. ಮಾತಾಡಲು ಎಲ್ಲರ ಕಿಸೆಯಲ್ಲೂ ಮೊಬೈಲು ಇದೆ. ಆದರೂ ಈ ಹವ್ಯಾಸದ ನಿಯಮಗಳನ್ನು ನೋಡುತ್ತ ಹೋದ ಹಾಗೆ, ಮಾತಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕೇಳುವುದರ ಬಗ್ಗೆ, ನಾವು ಮರೆತುಬಿಟ್ಟ ಏನನ್ನೋ ಆ ಜನ ಕಾಪಾಡಿಕೊಂಡು ಬಂದಿದ್ದಾರೆ ಎಂದು ನನಗೆ ಬಲವಾಗಿ ಅನಿಸಿದೆ.

ಮೊದಲನೆಯದು ಒಂದು ಅಂತರರಾಷ್ಟ್ರೀಯ ಕಾನೂನು. ಹವ್ಯಾಸಿ ರೇಡಿಯೊದವರು, ಅಂದರೆ ನಾವು ಹ್ಯಾಮ್ ಎನ್ನುವವರು, ಬೇರೆ ದೇಶದವರೊಂದಿಗೆ ಏನು ಮಾತಾಡಬಹುದು ಎಂಬುದಕ್ಕೆ ಬಹುಕಾಲ ಒಂದು ಷರತ್ತಿತ್ತು. ಪ್ರಯೋಗಕ್ಕೆ ಸಂಬಂಧಿಸಿದ ತಾಂತ್ರಿಕ ವಿಷಯ ಆಡಬಹುದು. ಅದು ಬಿಟ್ಟರೆ, ತಂತಿ ಇಲಾಖೆಗೆ ದುಡ್ಡು ಕೊಟ್ಟು ಕಳಿಸುವಷ್ಟು ಮಹತ್ವವಿಲ್ಲದ ಸ್ವಂತ ಮಾತುಗಳನ್ನು ಮಾತ್ರ ಆಡಬಹುದು. ಸರಕಾರಗಳು ತಮ್ಮ ಆದಾಯ ಉಳಿಸಿಕೊಳ್ಳಲು ಬರೆದ ಷರತ್ತು ಇದು, ನಿಜ. ಆದರೆ ಅದರ ಫಲ ನೋಡಿ: ಜಗತ್ತಿನ ಆಕಾಶದಲ್ಲಿ ಒಂದಿಷ್ಟು ಜಾಗ ಲಾಭವಿಲ್ಲದ ಮಾತಿಗೇ ಮೀಸಲಾಯಿತು. ಇಂದಿಗೂ ನಮ್ಮ ದೇಶದಲ್ಲಿ ಹ್ಯಾಮ್ ರೇಡಿಯೊದಲ್ಲಿ ವ್ಯಾಪಾರದ ಮಾತು ನಿಷಿದ್ಧ. ಕಬ್ಬಿನ ದರ ಕುದುರಿಸುವಂತಿಲ್ಲ, ಸಂಬಳಕ್ಕೆ ಸುದ್ದಿ ಸಾಗಿಸುವಂತಿಲ್ಲ. ಹವೆ ಹೇಗಿದೆ ಎಂದು ಕೇಳಬಹುದು, ಹುಷಾರಾಗಿ ಇಳಿಯಿರಿ ಎನ್ನಬಹುದು.

ಇಂಥ ಮಾತಿಗೆ ಬೆಲೆ ಇದೆಯೇ ಎಂದರೆ, 2004ರ ಡಿಸೆಂಬರಿನಲ್ಲಿ ನಡೆದದ್ದನ್ನು ನೆನೆಯುತ್ತೇನೆ. ಅಂಡಮಾನಿನಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹವ್ಯಾಸಿ ರೇಡಿಯೊದ ದನಿ ಹೊರಟಿರಲಿಲ್ಲ. ಭಾರತಿ ಪ್ರಸಾದ್ ಎಂಬ ಹ್ಯಾಮ್ ಪಟ್ಟು ಬಿಡದೆ ಅನುಮತಿ ಪಡೆದು, ಸಂಗಡಿಗರೊಂದಿಗೆ ಪೋರ್ಟ್ ಬ್ಲೇರಿಗೆ ಹೋಗಿ, ವಸತಿಗೃಹದ ಮಾಳಿಗೆಯ ಮೇಲೆ ಆಂಟೆನಾ ಕಟ್ಟಿದರು. ಕರೆಸಂಕೇತ ವಿಯು4ಆರ್‌ಬಿಐ. ಅಪರೂಪದ ದ್ವೀಪದ ದನಿ ಕೇಳಿಸಿಕೊಳ್ಳಲು ಜಗತ್ತಿನ ಎಲ್ಲೆಡೆಯಿಂದ ಹ್ಯಾಮ್‌ಗಳು ಮುಗಿಬಿದ್ದರು. ದಿನಗಟ್ಟಲೆ ಬರೀ ಕುಶಲದ ಮಾತು. ಡಿಸೆಂಬರ್ 26ರ ಬೆಳಗ್ಗೆ ನೆಲ ನಡುಗಿತು, ಸಮುದ್ರ ಏರಿ ಬಂತು, ದ್ವೀಪಗಳ ದೂರವಾಣಿ ಬಿದ್ದುಹೋಯಿತು. ಆಗ ಅದೇ ಆಂಟೆನಾ, ಅದೇ ಕೈ, ಅದೇ ಕಿವಿ, ಬದುಕಿ ಉಳಿದವರ ಸುದ್ದಿಯನ್ನು ಭಾರತದ ಮನೆಗಳಿಗೆ ಮುಟ್ಟಿಸತೊಡಗಿದವು. ಅಂದು ಆಕೆ ಹೊಸದಾಗಿ ಕಲಿಯಬೇಕಾದದ್ದು ಬಹಳವೇನೂ ಇರಲಿಲ್ಲ. ಯಾವ ಹೊತ್ತಿಗೆ ಯಾವ ತರಂಗಾಂತರ ಎಲ್ಲಿಗೆ ಮುಟ್ಟುತ್ತದೆ, ಗದ್ದಲದ ನಡುವೆ ಕ್ಷೀಣ ದನಿಯನ್ನು ಹೇಗೆ ಹೆಕ್ಕಬೇಕು, ಇದೆಲ್ಲ ಆ ಮಹತ್ವವಿಲ್ಲದ ಮಾತುಗಳಲ್ಲೇ ರೂಢಿಯಾಗಿತ್ತು. ಆಪತ್ತಿನಲ್ಲಿ ಹ್ಯಾಮ್‌ಗಳು ಬೇರೆಯವರ ಪರವಾಗಿ ದೇಶದಾಚೆಗೂ ಸಂದೇಶ ಸಾಗಿಸಬಹುದು ಎಂದು ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾದದ್ದು ಅದರ ಹಿಂದಿನ ವರ್ಷವೇ, 2003ರಲ್ಲಿ. ಆ ಹಳೆಯ ಷರತ್ತಿನ ಮಾತುಗಳು ಬಿದ್ದುಹೋದದ್ದೂ ಆಗಲೇ.

ನಮ್ಮ ಮನೆಗಳಲ್ಲೂ ಇದು ಹೀಗೇ ಇದೆ ಎಂದು ನಾನು ನಂಬುತ್ತೇನೆ. ಊಟ ಆಯಿತೇ, ಮಳೆ ಬಂತೇ ಎಂದು ದಿನವೂ ವಿಚಾರಿಸಿಕೊಳ್ಳುವ ಅಣ್ಣ ತಮ್ಮಂದಿರ ನಡುವೆ, ಸಾವೋ ಸಾಲವೋ ಎದುರಾದಾಗ ಮಾತು ತಾನಾಗಿ ಹರಿಯುತ್ತದೆ. ಕೆಲಸವಿದ್ದಾಗ ಮಾತ್ರ ಫೋನು ಮಾಡುವವರ ನಡುವೆ ಆ ಹೊತ್ತಿಗೆ ಬಾಯಿ ಕಟ್ಟುತ್ತದೆ. ಪ್ರಯೋಜನವಿಲ್ಲದ ಮಾತನ್ನು ನಾವು ಹೊತ್ತುಗಳೆ ಎಂದು ಜರೆಯುತ್ತೇವೆ. ದಾರಿ ಸವೆಯುವುದು ಅಂಥ ಓಡಾಟದಿಂದಲೇ.

ಬೆಟ್ಟದ ವಿಷಯಕ್ಕೆ ಮರಳುತ್ತೇನೆ. ಶಿಖರಗಳಿಂದ ರೇಡಿಯೊ ಕರೆ ಮಾಡುವ ಈ ಕಾರ್ಯಕ್ರಮಕ್ಕೆ ‘ಸಮಿಟ್ಸ್ ಆನ್ ದಿ ಏರ್’ ಎಂದು ಹೆಸರು, ಚಿಕ್ಕದಾಗಿ ಸೋಟಾ. 2002ರ ಮಾರ್ಚ್ 2ರಂದು ಬ್ರಿಟನ್ನಿನಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದೆ. ಸ್ಕಾಟ್ಲೆಂಡಿನಲ್ಲಿ ಇದು ಬೇರೂರಿದ್ದಕ್ಕೆ ಕಾರಣ ಅಲ್ಲಿಯ ನಡಿಗೆಯ ಪರಂಪರೆ. ಸರ್ ಹ್ಯೂ ಮನ್ರೊ ಎಂಬಾತ 1891ರಲ್ಲೇ ಮೂರು ಸಾವಿರ ಅಡಿ ಮೀರಿದ ಸ್ಕಾಟಿಷ್ ಬೆಟ್ಟಗಳ ಪಟ್ಟಿ ಮಾಡಿದ್ದ. ಇಂದು ಅದರಲ್ಲಿ 282 ಶಿಖರಗಳಿವೆ, ಜೀವಮಾನವಿಡೀ ಅವನ್ನು ಒಂದೊಂದಾಗಿ ಏರುವವರಿದ್ದಾರೆ. ಅತಿ ಎತ್ತರದ ಬೆನ್ ನೆವಿಸ್ 1,345 ಮೀಟರ್. ನಮ್ಮ ನಂದಿಬೆಟ್ಟವೇ 1,478 ಮೀಟರ್, ಮುಳ್ಳಯ್ಯನಗಿರಿ 1,900 ಮೀರಿದ್ದು. ಎತ್ತರದ ಲೆಕ್ಕ ಹಿಡಿದರೆ ಅವರದು ದೊಡ್ಡ ಬೆಟ್ಟಗಳಲ್ಲ. ಅಲ್ಲಿಯ ಮಂಜು, ಚಳಿ, ಕ್ಷಣದಲ್ಲಿ ತಿರುಗುವ ಗಾಳಿ ಮಾತ್ರ ದೊಡ್ಡವು. ಅದೇ ಬೆನ್ ನೆವಿಸ್ ತಲೆಯ ಮೇಲೆ 1883ರಿಂದ 1904ರವರೆಗೆ ಒಂದು ಹವಾಮಾನ ವೀಕ್ಷಣಾಲಯವಿತ್ತು. ಹಿಮದಲ್ಲಿ ಹೂತ ಕಟ್ಟಡದಿಂದ ತಾಸುತಾಸಿಗೂ ಹೊರಬಂದು ಅಳತೆ ತೆಗೆದು, ತಂತಿಯ ಮೂಲಕ ಕೆಳಗೆ ಕಳಿಸುತ್ತಿದ್ದರು. ಶಿಖರದಿಂದ ಕೆಳಗಿನವರಿಗೆ ಸುದ್ದಿ ಹೇಳುವ ಕೆಲಸ ಅಲ್ಲಿ ಹೊಸದಲ್ಲ.

ಸೋಟಾದ ನಿಯಮಗಳಲ್ಲಿ ಶ್ರಮದ ಬಗ್ಗೆ ಒಂದು ನಿಷ್ಠುರತೆ ಇದೆ. ಸಾಮಾನನ್ನು ಹೊತ್ತೇ ಹೋಗಬೇಕು. ವಾಹನದ ಬ್ಯಾಟರಿಯಿಂದ ನಡೆಸುವಂತಿಲ್ಲ, ಜನರೇಟರ್ ಹಚ್ಚುವಂತಿಲ್ಲ. ಶಿಖರದ ನೆತ್ತಿಯಿಂದ ಸಾಮಾನ್ಯವಾಗಿ 25 ಮೀಟರಿಗಿಂತ ಕೆಳಗೆ ಕೂರುವಂತಿಲ್ಲ. ಎತ್ತರಕ್ಕೆ ತಕ್ಕಂತೆ ಒಂದರಿಂದ ಹತ್ತರವರೆಗೆ ಅಂಕ, ಚಳಿಗಾಲದಲ್ಲಿ ಕೆಲವೆಡೆ ಏರಿದವರಿಗೆ ಮೂರು ಹೆಚ್ಚು. ಆದರೆ ಏರಿದ ಮಾತ್ರಕ್ಕೆ ಒಂದು ಅಂಕವೂ ಇಲ್ಲ. ಕನಿಷ್ಠ ನಾಲ್ಕು ಬೇರೆ ಬೇರೆ ಕೇಂದ್ರಗಳು ಆ ದನಿಯನ್ನು ಕೇಳಿ ಉತ್ತರಿಸಬೇಕು. ಮೂವರೇ ಸಿಕ್ಕರೆ, ಮಂಡಿ ನೋವು ಮಂಡಿಗೆ, ನೆನೆದದ್ದು ಮೈಗೆ, ಅಂಕವಿಲ್ಲ. ಇನ್ನೊಂದು ನಿಯಮ ನನಗೆ ಅತ್ಯಂತ ಪ್ರಿಯವಾದದ್ದು: ಏರಿದವರಿಗೆ ಸಿಗುವ ಶಿಖರದ ಅಂಕ ಕೇಳಿ ಉತ್ತರಿಸಿದವರಿಗೂ ಸಿಗುತ್ತದೆ. ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನು ಹಚ್ಚಿ, ಗರಗರ ಸದ್ದಿನ ನಡುವೆ ಐದು ವ್ಯಾಟಿನ ದನಿಗಾಗಿ ಕಾಯುವವರಿಗೂ ಬೆಟ್ಟದ ಪಾಲಿದೆ. ಏರಿ ಸಾವಿರ ಅಂಕ ಗಳಿಸಿದವರಿಗೆ ಒಂದು ಬಿರುದು, ಕೇಳಿ ಸಾವಿರ ಗಳಿಸಿದವರಿಗೆ ಇನ್ನೊಂದು.

ನಮ್ಮ ಸಾರ್ವಜನಿಕ ಬದುಕಿನಲ್ಲಿ ಕೇಳಿದವರಿಗೆ ಅಂಕ ಕೊಡುವ ಪದ್ಧತಿ ಎಲ್ಲಿದೆ? ಭಾಷಣಕಾರರಿಗೆ ಶಾಲು, ಹಾರ, ಫಲತಾಂಬೂಲ. ಮಕ್ಕಳಿಗೆ ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆ. ಗ್ರಾಮಸಭೆಯಲ್ಲಿ ಮೈಕು ಇದ್ದವರದೇ ಊರು. ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದು ಅರ್ಧ ಮಾತು ಆಡಿದ ಹೆಣ್ಣುಮಗಳ ದನಿಯನ್ನು ಯಾರು ಹೆಕ್ಕಿ ತೆಗೆದರು ಎಂಬುದು ಯಾವ ನಡಾವಳಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮೊಬೈಲು ಬಂದ ಮೇಲೆ ಪ್ರತಿಯೊಬ್ಬರೂ ಶಿಖರದಲ್ಲಿ ನಿಂತು ಕೂಗುವವರೇ ಆಗಿದ್ದೇವೆ. ಕೆಳಗೆ ಕೂತು ಕಾಯುವವರು ವಿರಳ.

ಮುಧೋಳದ ರನ್ನ ಈ ಸೀಮೆಯ ಕವಿ, ಬಳೆಗಾರರ ಮನೆತನದವನು. ಅವನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿರುತ್ತಾನೆ. ದಡದ ಮೇಲೆ ಭೀಮ ಗರ್ಜಿಸುತ್ತಾನೆ. ನೀರಿನ ಆಳದಲ್ಲೂ ಆ ದನಿ ಮುಟ್ಟಿ ದುರ್ಯೋಧನ ಬೆವರುತ್ತಾನೆ. ವೈರಿಯ ದನಿ ನಮಗೆ ಹೀಗೆ ಎಲ್ಲಿದ್ದರೂ ಕೇಳುತ್ತದೆ, ಅದಕ್ಕೆ ಕಿವಿಗೊಡುವ ಶ್ರಮವೇ ಬೇಡ. ಜಗಳದ ಒಂದು ಮಾತು ಊರಿಗೆ ಊರೇ ದಾಟುತ್ತದೆ. ಹಿತದ ಮಾತು, ನೋವಿನ ಮಾತು ಮಾತ್ರ ಕ್ಷೀಣ. ಅದಕ್ಕಾಗಿ ಯಾರಾದರೂ ಏರಬೇಕು, ಯಾರಾದರೂ ಕಾಯಬೇಕು.

ಇನ್ನು ದನಿ ಎಷ್ಟು ಸ್ಪಷ್ಟ ಎಂಬ ಆ ವರದಿಯ ವಿಷಯ. ಹ್ಯಾಮ್‌ಗಳು ಒಬ್ಬರಿಗೊಬ್ಬರು ಎರಡಂಕಿಯ ವರದಿ ಕೊಡುತ್ತಾರೆ. ಮಾತು ಎಷ್ಟು ಅರ್ಥವಾಗುತ್ತಿದೆ ಎಂಬುದಕ್ಕೆ ಐದರೊಳಗೆ ಒಂದು ಅಂಕಿ, ದನಿಯ ಬಲಕ್ಕೆ ಒಂಬತ್ತರೊಳಗೆ ಇನ್ನೊಂದು. ‘ಐದು ಒಂಬತ್ತು’ ಎಂದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ‘ಮೂರು ಎರಡು’ ಎಂದರೆ ಕಷ್ಟಪಟ್ಟು ಒಂದಿಷ್ಟು ಹಿಡಿದೆ. ಸ್ಪರ್ಧೆಗಳ ಅವಸರದಲ್ಲಿ ಎಲ್ಲರಿಗೂ ಐದು ಒಂಬತ್ತು ಎಂದು ಹೇಳಿ ಮುಗಿಸುವ ರೂಢಿ ಬೆಳೆದಿದೆ. ಅದು ನನಗೆ ಸರಿಕಾಣುವುದಿಲ್ಲ. ಸ್ಪಷ್ಟವಾಗಿ ಕೇಳಿತು ಎಂದು ಹೇಳಿ, ಹೆಸರು ಏನೆಂದಿರಿ ಎಂದು ಮತ್ತೆ ಕೇಳುವುದು ಯಾವ ಸತ್ಯ? ಬೆಟ್ಟದ ಮೇಲಿನವರಿಗೆ ನಿಜವಾದ ಅಂಕಿ ಬೇಕು. ಎರಡು ಎಂದು ತಿಳಿದರೆ ತಂತಿಯ ದಿಕ್ಕು ಬದಲಿಸುತ್ತಾರೆ, ನಿಧಾನ ಹೇಳುತ್ತಾರೆ, ಮೋರ್ಸ್ ಸಂಕೇತಕ್ಕೆ ಹೊರಳುತ್ತಾರೆ. ಸುಳ್ಳು ಒಂಬತ್ತು ಅವರ ಕೈ ಕಟ್ಟಿಹಾಕುತ್ತದೆ. ‘ನಿನ್ನ ಮಾತಿನಲ್ಲಿ ಅರ್ಧ ಮಾತ್ರ ನನಗೆ ತಿಳಿಯಿತು, ಇನ್ನೊಮ್ಮೆ ಹೇಳು’ ಎಂದು ಹೆಂಡತಿಗೆ, ಮಗನಿಗೆ, ಕೂಲಿಯವರಿಗೆ ಹೇಳಲು ನಮಗೆ ಏಕೆ ಇಷ್ಟು ಸಂಕೋಚ? ತಿಳಿಯಿತು ಎಂದು ತಲೆಯಾಡಿಸಿ ಎದ್ದುಹೋಗುತ್ತೇವೆ. ಹಾಗೆ ತಲೆಯಾಡಿಸಿ ಕಳೆದುಕೊಂಡ ಮಾತುಗಳಿಂದ ಎಷ್ಟು ಮನೆ ಒಡೆದಿವೆಯೋ.

ನಮ್ಮ ಸೀಮೆಯಲ್ಲಿ ಇದು ಬರೀ ಚಿಂತನೆಯ ಮಾತಾಗಿ ಉಳಿಯಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ತುಂಬಿ ಬಂದವು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು, ಜನ ದನಕರು ಸಮೇತ ಗಂಜಿ ಕೇಂದ್ರ ಸೇರಿದರು. ಹೊಳೆ ಬಂದಾಗ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಫೋನಿನ ಚಾರ್ಜು, ಟವರಿನ ಬ್ಯಾಟರಿ. ಅಂಥ ಹೊತ್ತಿನಲ್ಲಿ ಎತ್ತರದ ಮಡ್ಡಿಯ ಮೇಲೆ ಸ್ವಂತ ಬ್ಯಾಟರಿಯ ಒಂದು ರೇಡಿಯೊ ಎಷ್ಟು ದೂರ ಮುಟ್ಟೀತು ಎಂದು ಲೆಕ್ಕ ಹಾಕಬಹುದು. ಹತ್ತಿರದ ಮಾತಿಗೆ ಬಳಸುವ ವಿಎಚ್‌ಎಫ್ ಅಲೆಗೆ ನೆಲದ ಗುಂಡುಬಾಗಿನಿಂದಾಗಿ ಒಂದು ದಿಗಂತವಿದೆ. ಮೀಟರಿನಲ್ಲಿ ಅಳೆದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಹೆಚ್ಚುಕಡಿಮೆ ಅಷ್ಟು ಕಿಲೋಮೀಟರು. ಕಬ್ಬಿನ ಹೊಲದ ಬದುವಿನಲ್ಲಿ ಎರಡು ಮೀಟರ್ ಎತ್ತರಕ್ಕೆ ಹಿಡಿದ ಆಂಟೆನಾ ಆರು ಕಿಲೋಮೀಟರು ದಾಟುವುದಿಲ್ಲ, ಆಳೆತ್ತರದ ಕಬ್ಬು ಅದನ್ನೂ ನುಂಗುತ್ತದೆ. ಮುಧೋಳದ ಸುತ್ತ ಬಯಲಿಗಿಂತ ನೂರು ಮೀಟರ್ ಮೇಲಿನ ಒಂದು ಜಾಗ ಸಿಕ್ಕರೆ ದಿಗಂತ 41 ಕಿಲೋಮೀಟರಿಗೆ ಸರಿಯುತ್ತದೆ. ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ, ಲೋಕಾಪುರ ಎಲ್ಲವೂ ಆ ವೃತ್ತದೊಳಗೆ ಬರುತ್ತವೆ.

ಹಾಗೆ ರೇಡಿಯೊ ನಡೆಸಲು ಬೇಕಾದ ಪರವಾನಗಿಗೆ ಹನ್ನೆರಡು ವರ್ಷ ತುಂಬಿದರೆ ಸಾಕು. ಎಲೆಕ್ಟ್ರಾನಿಕ್ಸಿನ ಮೂಲಪಾಠ ಮತ್ತು ನಿಯಮಗಳ ಮೇಲೆ ಪರೀಕ್ಷೆ; ಮೊದಲ ಹಂತಕ್ಕೆ ಮೋರ್ಸ್ ಕೂಡ ಬೇಡ. ಬೆಂಗಳೂರಿನ ಇಸ್ರೊ ಹವ್ಯಾಸಿಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೊ ತೂಕದ ಉಪಗ್ರಹ ಕಟ್ಟಿ 2005ರ ಮೇ 5ರಂದು ಹಾರಿಸಿತ್ತು. ಒಂಬತ್ತು ವರ್ಷ ಅದು ಯಾವ ದೇಶದವರೆಂದು ನೋಡದೆ, ಬಿಡಿಗಾಸು ಕೇಳದೆ, ಎಲ್ಲರ ಕುಶಲದ ಮಾತನ್ನೂ ದಾಟಿಸಿತು. ಅಂಥ ರಾಜ್ಯದಲ್ಲಿ ಒಂದು ತಾಲೂಕಿನ ಪ್ರೌಢಶಾಲೆಗೆ ಈ ಹವ್ಯಾಸ ದೂರದ ಮಾತಲ್ಲ. ಅನುಮತಿ ಪಡೆದು ತಿಂಗಳಿಗೊಮ್ಮೆ ಮಕ್ಕಳು ಗುರುಗಳ ಜೊತೆ ಮಡ್ಡಿ ಹತ್ತಲಿ, ಹವೆ ಹೇಗಿದೆ ಎಂದು ಕೆಳಗಿನವರನ್ನು ವಿಚಾರಿಸಲಿ.

ಹತ್ತುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ, ಗುಡ್ಡವೆಂದರೆ ಅವರಿಗೆ ರಜೆ. ಮೊದಲು ಹುಡುಕಬೇಕಾದದ್ದು ಆ ಭಾನುವಾರದ ಬೆಳಗ್ಗೆ ಬೇರೆ ಕೆಲಸ ಬದಿಗಿಟ್ಟು ರೇಡಿಯೊ ಮುಂದೆ ಕೂರುವ ನಾಲ್ವರನ್ನು: ಜಮಖಂಡಿಯಲ್ಲಿ ಒಬ್ಬರು, ಬೀಳಗಿಯಲ್ಲಿ ಒಬ್ಬರು, ಬನಹಟ್ಟಿಯ ಮಗ್ಗದ ಮನೆಗಳ ಸದ್ದಿನ ನಡುವೆ ಒಬ್ಬರು, ಲೋಕಾಪುರದಲ್ಲಿ ಒಬ್ಬರು.