ಉದಾಹರಣೆಯಿಲ್ಲದ ಹೇತು

ಹೊನ್ನಾಳಿಯ ಸೇತುವೆಯ ಮೇಲೆ ನಿಂತು, ತುಂಗಭದ್ರೆ ಕೆಂಪಾಗಿ ಉಬ್ಬಿ ಬರುವುದನ್ನು ಕಂಡವನು ಮಲೆನಾಡಿನಲ್ಲಿ ಮಳೆಯಾಗಿದೆಯೆಂದು ನಿಶ್ಚಯಿಸುವನಷ್ಟೆ. ಕಾರ್ಯದಿಂದ ಕಾರಣವನ್ನು ತಿಳಿಯುವ ಈ ಅನುಮಾನವನ್ನು ನೈಯಾಯಿಕರು ಶೇಷವತ್ ಎಂದು ಕರೆದರು, ನ್ಯಾಯಸೂತ್ರಕ್ಕೆ ವಾತ್ಸ್ಯಾಯನನು ಬರೆದ ಭಾಷ್ಯದಲ್ಲಿ ಅದಕ್ಕೆ ಕೊಟ್ಟ ನಿದರ್ಶನವೂ ತುಂಬಿದ ಹೊಳೆಯೇ. ಹೊಳೆಗೆ ಅಡ್ಡಗಟ್ಟಿದರೂ ನೀರು ಏರುವುದಲ್ಲವೆ ಎಂಬ ಆಕ್ಷೇಪವು ನ್ಯಾಯಸೂತ್ರದಲ್ಲಿಯೇ ಉಂಟು. ಬರಿಯ ಏರಿಕೆ ಹೇತುವಲ್ಲ, ಎಂದರೆ ಅನುಮಾನಕ್ಕೆ ಆಧಾರವಾದ ಗುರುತಲ್ಲ, ನೊರೆ, ಎಲೆ, ಕಾಯಿ, ಕಟ್ಟಿಗೆಗಳನ್ನು ಹೊತ್ತು ರಭಸದಿಂದ ಬರುವ ಪ್ರವಾಹವೇ ಹೇತುವೆಂಬುದು ಭಾಷ್ಯದ ಸಮಾಧಾನ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾದ ಮೇಲೆ ಹೊನ್ನಾಳಿ, ನ್ಯಾಮತಿಗಳ ಸೀಮೆಯವರು ಹೊಳೆ ಏರಿತೆಂದರೆ ಮಳೆಯೊಂದನ್ನೇ ನೆನೆಯುವಂತಿಲ್ಲ, ಅಣೆಕಟ್ಟೆಯ ಗೇಟನ್ನೂ ನೆನೆಯಬೇಕು.

ಹೊಳೆಯಲ್ಲಿ ಹೇಗೋ ಹಾಗೆ ಯಂತ್ರದಲ್ಲಿಯೂ ಕಾರ್ಯದಿಂದ ಕಾರಣವನ್ನು ಹುಡುಕಬೇಕಾಗುತ್ತದೆ. ಪೀಣ್ಯದಲ್ಲಿ ನಿರ್ಮಿತವಾಗಿ 1975ರ ಏಪ್ರಿಲ್ 19ರಂದು ಕಕ್ಷೆಗೇರಿದ ಆರ್ಯಭಟ ಉಪಗ್ರಹದಲ್ಲಿ, ಕೆಲವೇ ದಿನಗಳಲ್ಲಿ ಪ್ರಯೋಗೋಪಕರಣಗಳಿಗೆ ವಿದ್ಯುತ್ತು ನಿಂತುಹೋಯಿತು. ಕೈ ನಿಲುಕದ ಅಂಥ ದೂರದಲ್ಲಿ ದೋಷವನ್ನು ಅನುಮಾನದಿಂದಲ್ಲದೆ ಅರಿಯಲಾಗದು. ಆ ಅನುಮಾನವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನವು ಎಂಬತ್ತರ ದಶಕದ ಕೊನೆಯಲ್ಲಿ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ ನಡೆಯಿತು: ಬಾಹ್ಯಾಕಾಶ ನಿಲ್ದಾಣದ ವಿದ್ಯುದ್ವ್ಯವಸ್ಥೆಗಾಗಿ ರಚಿತವಾದ ಅಪೆಕ್ಸ್ ಎಂಬ ತಜ್ಞವ್ಯವಸ್ಥೆ, 'ಈ ಲಕ್ಷಣವಿದ್ದರೆ ಈ ದೋಷ' ಎಂಬ ನಿಯಮಗಳಿಂದ ನಿರ್ಣಯಕ್ಕೆ ಬರುತ್ತಿತ್ತು. ಇದು ಜ್ಞಾನವೋ, ಜ್ಞಾನದ ಆಭಾಸವೋ?

ನಮ್ಮ ರೈತನೂ ಇಂಥದೇ ನಿಯಮದಿಂದ ನಿರ್ಣಯಿಸುವವನು. ಚನ್ನಗಿರಿಯ ಅಡಕೆ ತೋಟದಲ್ಲಿ, ನಾಲೆಯ ಬದಿಯ ಪಂಪು ತಿರುಗುತ್ತಿದ್ದು, ಆಂಪಿಯರ್ ಮುಳ್ಳು ಕೆಳಗೇ ನಿಂತು, ನೀರು ಬಾರದಿದ್ದರೆ, 'ಏರ್ ಹಿಡಿದಿದೆ' ಎಂದು ರೈತನು ಫುಟ್‌ವಾಲ್ವನ್ನು ನೋಡಿ, ಕೊಳವೆಗೆ ನೀರು ಹೊಯ್ದು ಮತ್ತೆ ಗುಂಡಿ ಒತ್ತುವನು. ಜಗಳೂರಿನ ಕೊಳವೆಬಾವಿಯಲ್ಲಿ ಮುಳ್ಳು ಹಾಗೆಯೇ ಕೆಳಗೆ ನಿಂತು ನೀರು ಬಾರದಿದ್ದರೆ, ಅಂತರ್ಜಲವೇ ಇಳಿದಿದೆಯೆಂದು ಅವನ ಎದೆ ಕುಸಿಯುವುದು. ಹೇತುವೊಂದೇ, ಅದರಿಂದ ತಿಳಿಯುವ ಸಾಧ್ಯವೆರಡು, ನಿಯಮವನ್ನು ಬದಲಿಸಿದ್ದು ನೆಲ.

ನ್ಯಾಯಸೂತ್ರಕಾರ ಗೌತಮನು ಪರಾರ್ಥಾನುಮಾನಕ್ಕೆ, ಎಂದರೆ ಇತರರಿಗೆ ತಿಳಿಸಲು ಮಾಡುವ ಅನುಮಾನಕ್ಕೆ, ಐದು ಅವಯವಗಳನ್ನು ವಿಧಿಸಿ, ನಡುವೆ ಉದಾಹರಣೆಯನ್ನು ಇರಿಸಿದ್ದರ ಗುರುತ್ವ ನನಗೆ ಇಲ್ಲಿ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯೆಂದು ಹೇಳಿದರೆ ಸಾಲದು, 'ಅಡುಗೆಮನೆಯಲ್ಲಿ ಕಂಡಂತೆ' ಎಂದೂ ಹೇಳಬೇಕು. ಹೊಗೆಗೂ ಬೆಂಕಿಗೂ ಇರುವ ಈ ನಿಯತ ಸಂಬಂಧ, ಎಂದರೆ ವ್ಯಾಪ್ತಿಯು, ಹುಟ್ಟಿದ ಮನೆಯನ್ನು ಮರೆಯಬಾರದೆಂದು. ತಜ್ಞವ್ಯವಸ್ಥೆಗಳಲ್ಲಿ ಹಲವು, ಏಕೆಂದು ಕೇಳಿದರೆ ತಾವು ಬಳಸಿದ ನಿಯಮವನ್ನು ತೋರಿಸುತ್ತವೆ. ಅವುಗಳ ಈ ಗುಣವನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಎಲ್ಲಿ ಕಂಡದ್ದೆಂಬ ಪ್ರಶ್ನೆಗೆ ಬರಿಯ ನಿಯಮದಲ್ಲಿ ಉತ್ತರವಿಲ್ಲ; ಆ ಪ್ರತ್ಯಕ್ಷವು ನಿಯಮವನ್ನು ಬರೆದ ಎಂಜಿನಿಯರನ ಬಳಿಯೇ ಉಳಿದಿರುತ್ತದೆ. ಅವನು ಪ್ರತಿಯೊಂದು ನಿಯಮದ ಜೊತೆಗೆ, ಅದು ಯಾವ ಉಪಕರಣದಲ್ಲಿ ದಿಟವಾಯಿತು, ಎಲ್ಲಿ ತಪ್ಪಿತು ಎಂಬುದನ್ನೂ ಯಂತ್ರಕ್ಕೆ ತಿಳಿಸಿದಾಗಲೇ ಅದರ ನಿರ್ಣಯವನ್ನು ಅನುಮಾನವೆಂದು ಒಪ್ಪಲು ನಾನು ಸಿದ್ಧನಿದ್ದೇನೆ.